ಪದಚರ್ಚೆ: ಮುರಿದ ಮೂಳೆ ಕೂಡುವಾಗ ಬರುವ ‘ಕ್ಯಾಲಸ್’ಗೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ರೋಗಿಗಳು ಕಾಯುತ್ತಾ ಕೂರುವ ಕಡೆ ಗೋಡೆಗೆ ಹಾಕಲು ಒಂದು ಫಲಕ ಬರೆಯುತ್ತಿದ್ದೇನೆ. ಮುರಿದ ಮೂಳೆ ಹೇಗೆ ಕೂಡುತ್ತದೆ ಅನ್ನುವುದು ವಿಷಯ. ಸೋಮವಾರ ಅಚ್ಚಿಗೆ ಹೋಗುತ್ತದೆ. ಉಳಿದದ್ದೆಲ್ಲ ಆಗಿದೆ, ‘ಕ್ಯಾಲಸ್’ ಹತ್ತಿರ ಸಿಕ್ಕಿಕೊಂಡಿದೆ.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ನಾರು ಮತ್ತು ಮೃದ್ವಸ್ಥಿ (ಕಾರ್ಟಿಲೇಜ್, ಮೂಗು ಕಿವಿಗಳಲ್ಲಿರುವಂಥ ಬಾಗುವ ಅಂಗಾಂಶ) ಸೇರಿ ಒಂದು ಮೆತ್ತನೆಯ ಮುದ್ದೆಯಾಗಿ ಎರಡೂ ತುದಿಗಳನ್ನು ಹಿಡಿದುಕೊಳ್ಳುತ್ತದೆ. ಅದು ಸಾಫ್ಟ್ ಕ್ಯಾಲಸ್. ಆಮೇಲೆ ಅದೇ ಜಾಗದಲ್ಲಿ ಕ್ಯಾಲ್ಸಿಯಂ ಸೇರಿ ಹೊಸ ಮೂಳೆ ಬರುತ್ತದೆ. ಅದು ಹಾರ್ಡ್ ಕ್ಯಾಲಸ್. ‘ಗಂಟು’ ಮಾತ್ರ ಬೇಡ ಅಂತ ಅಲ್ಲಿನ ನರ್ಸ್ ಒಬ್ಬರು ಖಂಡಿತವಾಗಿ ಹೇಳಿದ್ದಾರೆ. ಗಂಟು ಅಂದ ಕೂಡಲೇ ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರಂತೆ. ಕೊರಳ ಹತ್ತಿರದ ಮೂಳೆ ಮುರಿದವರಿಗೆ ಈ ಉಬ್ಬು ಚರ್ಮದ ಕೆಳಗೆ ಕೈಗೇ ಸಿಗುತ್ತದೆ, ಮೊದಲೇ ಹೆದರಿರುತ್ತಾರೆ. ಓದಿದ ಕೂಡಲೇ ತಿಳಿಯುವ ಪದ ಇದ್ದರೆ ಕೊಡಿ.

ನಿವೃತ್ತ ಸಂಸ್ಕೃತ ಅಧ್ಯಾಪಕ, ಉಡುಪಿ:

ಪದ ಸಿದ್ಧವಾಗಿಯೇ ಇದೆ. ‘ಕಿಣ’. ಬಿಲ್ಲಿನ ಹೆದೆ ಉಜ್ಜಿ ಉಜ್ಜಿ ತೋಳಿನಲ್ಲಿ ಕಟ್ಟುವ ಗಟ್ಟಿ ಗುರುತಿಗೆ ಕವಿಗಳು ಇದನ್ನೇ ಬಳಸಿದ್ದಾರೆ. ಲ್ಯಾಟಿನ್ನಿನ ಕ್ಯಾಲಸ್ ಕೂಡ ಮೂಲದಲ್ಲಿ ಗಟ್ಟಿಯಾದ ಚರ್ಮವೇ. ವೈದ್ಯರು ಅದನ್ನು ಮೂಳೆಗೆ ಎಳೆದುಕೊಂಡರು. ಅವರು ಮಾಡಬಹುದಾದರೆ ನಾವೂ ಮಾಡಬಹುದು. ಮೃದುಕಿಣ, ದೃಢಕಿಣ ಅನ್ನಿ.

‘ಮೃದ್ವಸ್ಥಿ’ ಈಚಿನವರು ಕಟ್ಟಿದ ಪದ. ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಮೂಳೆಗಳನ್ನು ಐದು ಬಗೆ ಮಾಡುತ್ತಾನೆ: ಕಪಾಲ, ರುಚಕ, ತರುಣ, ವಲಯ, ನಲಕ. ಮೂಗು, ಕಿವಿಗಳಲ್ಲಿ ಇರುವುದು ತರುಣ, ಆದ್ದರಿಂದ ಮೃದ್ವಸ್ಥಿಗೆ ‘ತರುಣಾಸ್ಥಿ’ ಅನ್ನಿ. ಹಲ್ಲು ರುಚಕ. ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿದ್ದರಿಂದಲೇ ಅವನಿಗೆ 300 ಮೂಳೆ ಸಿಗುತ್ತವೆ, ಇವತ್ತಿನವರಿಗೆ 206. ಮುರಿತದಲ್ಲೇ ಹನ್ನೆರಡು ಬಗೆ ಹೇಳಿದ್ದಾನೆ. ಪುಡಿಯಾದದ್ದು ಚೂರ್ಣಿತ, ಪೂರ್ತಿ ಮುರಿಯದೆ ಬಾಗಿದ್ದು ವಕ್ರ. ಇಷ್ಟು ಸಂಪತ್ತು ಮನೆಯಲ್ಲಿಟ್ಟುಕೊಂಡು ಹೊರಗೆ ಹುಡುಕುವುದು ಬೇಡ.

ಪತ್ರಕರ್ತ, ಧಾರವಾಡ:

ಕಿಣ ಆಗುವುದಿಲ್ಲ. ಕಾಲು ಮುರಿದುಕೊಂಡು ಬಂದ ರೈತ ಶಬ್ದಕೋಶ ಹುಡುಕಬೇಕಾ?

ಇನ್ನೊಂದು ಮಾತು. ಫಲಕದಲ್ಲಿ ಎಲ್ಲೂ ‘ಅಸ್ಥಿ’ ಬೇಡ. ನಮ್ಮ ಜನಕ್ಕೆ ಅಸ್ಥಿ ಅಂದರೆ ಸುಟ್ಟ ಮೇಲೆ ಹೊಳೆಗೆ ಬಿಡುವುದು. ಬದುಕಿರುವವರ ಮೈಯಲ್ಲಿ ಇರುವುದು ಎಲುಬು. ಮೃದ್ವಸ್ಥಿ, ಅಸ್ಥಿಮಜ್ಜೆ ಪಾಠಪುಸ್ತಕದಲ್ಲಿ ಇರಲಿ. ನೋವಿನಲ್ಲಿ ಕೂತವರ ಎದುರಿಗೆ ಬೇಡ.

ಶಾಲಾ ಶಿಕ್ಷಕಿ, ಮಂಡ್ಯ:

‘ಜಡ್ಡು’ ಆಗುವುದಿಲ್ವಾ? ಗುದ್ದಲಿ ಹಿಡಿದು ಕೈ ಜಡ್ಡುಗಟ್ಟಿದೆ ಅಂತೀವಿ. ಅದೂ ಕ್ಯಾಲಸ್ಸೇ ತಾನೆ? ಸಂಸ್ಕೃತದಿಂದ ಕಿಣ ತರುವುದಕ್ಕಿಂತ ಇದು ವಾಸಿ. ‘ಮೂಳೆಜಡ್ಡು’ ಅಂದರೆ ಗಟ್ಟಿಯಾಗಿದ್ದು ಅಂತ ತಿಳಿಯುತ್ತದೆ.

ಪತ್ರಕರ್ತ, ಧಾರವಾಡ:

ಮೇಡಂ, ನಮ್ಮ ಕಡೆ ಜಡ್ಡು ಅಂದರೆ ಕಾಯಿಲೆ. ‘ಜಡ್ಡಿಗೆ ಬಿದ್ದಾನ’ ಅಂದರೆ ಹಾಸಿಗೆ ಹಿಡಿದಿದ್ದಾನೆ ಅಂತ. ವಾಸಿಯಾಗುತ್ತಿರುವುದರ ಗುರುತಿಗೆ ಮೂಳೆಜಡ್ಡು ಅಂತ ಬರೆದರೆ ಅರ್ಧ ಕರ್ನಾಟಕಕ್ಕೆ ಅದು ಮೂಳೆರೋಗ. ಬಿಟ್ಟುಬಿಡಿ.

ಮೂಳೆ ವೈದ್ಯ, ಶಿವಮೊಗ್ಗ:

ಹೊರರೋಗಿ ವಿಭಾಗದಲ್ಲಿ ದಿನಾ ಕೇಳುವ ಮಾತು ಹೇಳುತ್ತೇನೆ. ‘ಕೂಡಿಕೊಂಡಿದೆಯಾ ಡಾಕ್ಟ್ರೇ?’ ಕ್ರಿಯಾಪದ ಜನರೇ ಕೊಟ್ಟಿದ್ದಾರೆ, ಕೂಡು. ಸೊಟ್ಟ ಕೂಡಿದೆ, ಇನ್ನೂ ಕೂಡಿಲ್ಲ, ಎಲ್ಲವೂ ಅದರಲ್ಲೇ ಬರುತ್ತದೆ. ಸಂಧಾನ, ಸಂಯೋಜನೆ ಯಾವುದೂ ಬೇಕಿಲ್ಲ. ಕ್ಯಾಲಸ್‌ಗೆ ಮಾತ್ರ ಜನರ ಬಾಯಲ್ಲಿ ಹೆಸರಿಲ್ಲ. ಅದು ಕಣ್ಣಿಗೆ ಕಾಣುವ ವಸ್ತು ಅಲ್ಲ, ಅಲ್ವಾ? ನಾವು ಎಕ್ಸ್‌ರೇ ತೋರಿಸಿ ‘ಇಲ್ಲಿ ನೋಡಿ, ಹೊಸ ಮೂಳೆ ಬರ್ತಾ ಇದೆ’ ಅನ್ನುತ್ತೇವೆ.

ಪದ ಯಾವುದೇ ಇರಲಿ, ಫಲಕದಲ್ಲಿ ಈ ಮಾತುಗಳು ಬರಬೇಕು. ಮೆತ್ತನೆಯ ಕ್ಯಾಲಸ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದರಲ್ಲಿ ಇನ್ನೂ ಕ್ಯಾಲ್ಸಿಯಂ ಇರುವುದಿಲ್ಲ. ಎರಡು ವಾರಕ್ಕೆ ಫಿಲ್ಮ್ ನೋಡಿದ ಮನೆಯವರು ‘ಬಿರುಕು ಹಾಗೇ ಇದೆ’ ಅಂತ ಗಾಬರಿಯಾಗುತ್ತಾರೆ. ಪ್ಲಾಸ್ಟರ್ ಬಿಚ್ಚಿಸಿಕೊಂಡು ನಾಟಿ ಕಟ್ಟಿಗೆ ಹೋಗುವವರೂ ಇದ್ದಾರೆ. ಇನ್ನು, ಪ್ಲೇಟು ಸ್ಕ್ರೂ ಹಾಕಿ ತುದಿಗಳು ಸ್ವಲ್ಪವೂ ಅಲುಗಾಡದ ಹಾಗೆ ಬಿಗಿಮಾಡಿದರೆ ಕ್ಯಾಲಸ್ ಕಾಣದೆಯೇ ಮೂಳೆ ಕೂಡಬಹುದು. ಹಾಗಾಗಿ ‘ಇದು ಕಾಣದಿದ್ದರೆ ಕೂಡಿಲ್ಲ’ ಅನ್ನುವ ಅರ್ಥ ಬರಬಾರದು.

ಇದಕ್ಕಿಂತ ದೊಡ್ಡ ತೊಂದರೆ ‘ಫ್ರಾಕ್ಚರ್’ ಪದದ್ದು. ‘ಬರೀ ಫ್ರಾಕ್ಚರ್ರಾ, ಇಲ್ಲಾ ಮುರಿದಿದೆಯಾ?’ ಅಂತ ಕೇಳುತ್ತಾರೆ. ಜನರಿಗೆ ಫ್ರಾಕ್ಚರ್ ಅಂದರೆ ಸಣ್ಣ ಬಿರುಕು, ಮುರಿತ ಅಂದರೆ ಎರಡು ತುಂಡು. ಫ್ರಾಕ್ಚರ್ ಅಂತ ಬರೆದುಕೊಟ್ಟರೆ ‘ಮುರಿದಿಲ್ಲ ಬಿಡು’ ಅಂತ ಮೂರನೇ ದಿನಕ್ಕೇ ಕಾಲೂರುತ್ತಾರೆ. ಎರಡೂ ಒಂದೇ ಅಂತ ಫಲಕದ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ.

ಅಚ್ಚಗನ್ನಡ ಬರಹಗಾರ, ಬೆಂಗಳೂರು:

ಡಾಕ್ಟರು ಹೇಳಿದ್ದೇ ನನ್ನ ವಾದಕ್ಕೆ ಆಧಾರ. ಹೊರಗಿನ ಪದ ಬಂದರೆ ಅರ್ಥ ಕದಲುತ್ತದೆ. ಕನ್ನಡದ ಪದಕ್ಕೆ ನಮ್ಮ ಬೇರು ಇರುತ್ತದೆ, ಅದು ಸುಲಭಕ್ಕೆ ಜಾರುವುದಿಲ್ಲ.

ಪದ ‘ಬೆಸುಗೆ’. ಬೆಸೆ ಅನ್ನುವ ಧಾತುವಿಗೆ -ಗೆ ಸೇರಿ ಆದದ್ದು. ಕಮ್ಮಾರ ಎರಡು ಕಬ್ಬಿಣವನ್ನು ಕಾಯಿಸಿ ಬಡಿದು ಒಂದು ಮಾಡುತ್ತಾನಲ್ಲ, ಅದು ಬೆಸುಗೆ. ಮೆತ್ತನೆ ಬೆಸುಗೆ, ಗಟ್ಟಿ ಬೆಸುಗೆ. ಇನ್ನೂ ಬಿಗಿಯಾಗಿ ಬೇಕಾದರೆ ‘ಎಲುಬೆಸುಗೆ’ ಅಂತಲೂ ಕಟ್ಟಬಹುದು. ಮೃದ್ವಸ್ಥಿಗೆ ಮೆಲ್ಲೆಲುಬು. ಮೂಳೆ ವಿಭಾಗಕ್ಕೇ ‘ಎಲುಬರಿಮೆ’ ಅನ್ನಿ. ಸಂಸ್ಕೃತದ ಮಹಾಪ್ರಾಣ ನಮ್ಮ ನಾಲಿಗೆಯದಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಹೇಳಿದ್ದು ಇದನ್ನೇ.

ಮೂಳೆ ವೈದ್ಯ, ಶಿವಮೊಗ್ಗ:

ಬೆಸುಗೆ ಒಪ್ಪಿದೆ. ಅರ್ಥದಲ್ಲೂ ಸರಿ. ಗಾಯವಾದ ಚರ್ಮದಲ್ಲಿ ಕಲೆ ಉಳಿಯುತ್ತದೆ, ಅದು ಬೇರೆ ಅಂಗಾಂಶ. ಮೂಳೆ ಮಾತ್ರ ಮೂಳೆಯಿಂದಲೇ ಕೂಡುತ್ತದೆ. ಬೆಸುಗೆಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ಜಾಸ್ತಿಯಾದ ಮೂಳೆಯನ್ನು ಕರಗಿಸುವ ಕೋಶಗಳಿವೆ, ಬೇಕಾದ ಕಡೆ ಹೊಸದು ಕಟ್ಟುವ ಕೋಶಗಳಿವೆ. ಭಾರ ಯಾವ ಕಡೆ ಬೀಳುತ್ತದೋ ಆ ಕಡೆ ಗಟ್ಟಿಯಾಗುತ್ತದೆ. ವೋಲ್ಫ್ ಅನ್ನುವ ಜರ್ಮನ್ ವೈದ್ಯ 1892ರಲ್ಲಿ ಇದನ್ನೇ ನಿಯಮ ಅಂತ ಬರೆದ. ಹೀಗೆ ತಿದ್ದಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಗಳು. ಮಕ್ಕಳಲ್ಲಿ ಬೇಗ.

ಮೆಲ್ಲೆಲುಬು ಬೇಡ. ಅದು ಮೆತ್ತನೆಯ ಎಲುಬಲ್ಲ, ಬೇರೆಯೇ ಅಂಗಾಂಶ. ಅದರೊಳಗೆ ರಕ್ತನಾಳ ಇರುವುದಿಲ್ಲ. ಹಾಗೆ ನೋಡಿದರೆ ಮೃದ್ವಸ್ಥಿ, ತರುಣಾಸ್ಥಿ ಎರಡರಲ್ಲೂ ಅದೇ ತಪ್ಪಿದೆ. ಫಲಕದಲ್ಲಿ ಆ ಪದವೇ ಇಲ್ಲದೆ ಬರೆಯಿರಿ.

ನಿವೃತ್ತ ಸಂಸ್ಕೃತ ಅಧ್ಯಾಪಕ, ಉಡುಪಿ:

ಬೆಸುಗೆ ಲೋಹದ ಕೆಲಸ. ಅಕ್ಕಸಾಲಿಗನ ಬೆಸುಗೆಯಲ್ಲಿ ನಡುವೆ ಬೇರೆ ಲೋಹ ಹಾಕುತ್ತಾರೆ, ಡಾಕ್ಟರು ಹೇಳಿದ್ದಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ಅದಿರಲಿ. ಮಹಾಪ್ರಾಣ ನಮ್ಮದಲ್ಲ ಅನ್ನುವವರು ‘ಅರ್ಥ’, ‘ಧಾತು’, ‘ಆಧಾರ’ ಬಿಟ್ಟು ಒಂದು ಅಂಚೆ ಬರೆಯಲಿ. ಮೇಲಿನ ಅಂಚೆಯಲ್ಲೇ ಮೂರೂ ಇವೆ.

ಅಚ್ಚಗನ್ನಡ ಬರಹಗಾರ, ಬೆಂಗಳೂರು:

ಹುರುಳು, ಬೇರು, ನೆಲೆ. ಮೂರಕ್ಕೂ ಕನ್ನಡದ ಪದ ಇದೆ. ಓದುವವರು ನಿಮ್ಮಂಥವರು ಅಂತ ನಿಮ್ಮ ಪದ ಬಳಸಿದೆ.

ಹವ್ಯಾಸಿ ಭಾಷಾ ಅಧ್ಯಯನಕಾರ, ಕೋಲಾರ:

ಎಲ್ಲರೂ ಮೂಳೆ, ಎಲುಬು ಒಂದೇ ಅನ್ನುವ ಹಾಗೆ ಬರೆಯುತ್ತಿದ್ದೀರಿ. ಎಲುಬಿನ ಬಳಗ ಸ್ಪಷ್ಟ: ತಮಿಳಿನ ಎಲುಂಬು, ಮಲಯಾಳದ ಎಲ್ಲು, ತುಳುವಿನ ಎಲು. ಆದರೆ ತಮಿಳಿನಲ್ಲಿ ಮೂಳೈ ಅಂದರೆ ಮಿದುಳು. ತೆಲುಗಿನ ಮೂಲುಗ ಅಂದರೆ ಮೂಳೆಯೊಳಗಿನ ಮಜ್ಜೆ. ಇವು ಮೂರಕ್ಕೂ ಒಂದೇ ಬೇರು ಅನ್ನುವುದು ನನ್ನ ಗಟ್ಟಿ ನಂಬಿಕೆ. ಒಳಗಿನ ಸಾರಕ್ಕಿದ್ದ ಹೆಸರು ಕನ್ನಡದಲ್ಲಿ ಹೊರಗಿನ ಗಟ್ಟಿ ಭಾಗಕ್ಕೆ ಬಂದಿದೆ. ಹಾಗಾದರೆ ಎಲುಬು ಗಟ್ಟಿ ವಸ್ತುವಿಗೆ, ಮೂಳೆ ಮಜ್ಜೆಗೆ ಅಂತ ಹಂಚಿಬಿಟ್ಟರೆ ಅಸ್ಥಿಮಜ್ಜೆಯ ತಂಟೆಯೇ ತಪ್ಪುತ್ತದೆ.

ಪತ್ರಕರ್ತ, ಧಾರವಾಡ:

ಇವತ್ತು ಮಂಡ್ಯದಲ್ಲಿ ಮೂಳೆ ಅಂದರೆ ಮೂಳೆ. ಬೇರು ನೋಡಿ ಅರ್ಥ ಹಂಚಲು ಆಗುವುದಿಲ್ಲ.

ಶಾಲಾ ಶಿಕ್ಷಕಿ, ಮಂಡ್ಯ:

ಪ್ಲಾಸ್ಟರ್, ಎಕ್ಸ್‌ರೇ, ಸ್ಕ್ರೂ, ಪ್ಲೇಟು ಇವಕ್ಕೆ ಯಾರೂ ತಕರಾರು ಮಾಡಿಲ್ಲ, ನೋಡಿ. ಜನರ ಬಾಯಿಗೆ ಬಂದ ಪದ ಕನ್ನಡವೇ. ಬರದಿರುವ ಪದಕ್ಕೆ ಮಾತ್ರ ಹೊಸದು ಬೇಕು. ನಾಟಿ ವೈದ್ಯರು ಕಟ್ಟು ಅಂತಾರೆ, ಬಿದಿರ ದಬ್ಬೆ ಅಂತಾರೆ. ಆಂಧ್ರದಿಂದ ಬಂದ ಪುತ್ತೂರು ಕಟ್ಟನ್ನು ನಮ್ಮ ಮನೆಗಳಲ್ಲಿ ಬೇರೆ ನಾಡಿನದು ಅಂತ ಯಾರೂ ಅನ್ನುವುದಿಲ್ಲ. ಮೂಳೆ ಮುರಿತಕ್ಕೆ ನಾಟಿ ಮದ್ದಾಗಿ ಬಳಸುವ ಮಂಗರಬಳ್ಳಿಗೆ ಸಂದುಬಳ್ಳಿ ಅಂತ ಹೆಸರಿಟ್ಟವರು ಯಾವ ವ್ಯಾಕರಣವನ್ನೂ ಕೇಳಿರಲಿಲ್ಲ. ಆ ಕಾಂಡ ಸಂದು ಸಂದಾಗಿದೆ, ಅಷ್ಟೇ. ಹಾಗೆ ಕಣ್ಣಿಂದ ಹುಟ್ಟಿದ ಪದ ಉಳಿಯುತ್ತದೆ.

ಅಚ್ಚಗನ್ನಡ ಬರಹಗಾರ, ಬೆಂಗಳೂರು:

ಪ್ಲಾಸ್ಟರ್ ಉಳಿಯಿತು ಅಂತ ಫ್ರಾಕ್ಚರ್ ಸರಿ ಅನ್ನಬೇಡಿ. ಪ್ಲಾಸ್ಟರ್ ಹೊಸ ವಸ್ತು, ಪದದ ಜೊತೆಗೇ ಬಂತು. ಮುರಿತ ನಮ್ಮಲ್ಲಿ ಮೊದಲಿಂದ ಇತ್ತು. ಇದ್ದ ಪದವನ್ನು ಪಕ್ಕಕ್ಕೆ ತಳ್ಳಿದ ಎರವಲಿನಿಂದಲೇ ರೋಗಿ ಮೂರನೇ ದಿನಕ್ಕೆ ಕಾಲೂರುವುದು. ಇಂಥ ಎರವಲಿಗೆ ನನ್ನ ವಿರೋಧ.

ಅನುವಾದಕಿ, ಮೈಸೂರು:

ಈ ವ್ಯತ್ಯಾಸ ನನಗೆ ಉಪಯೋಗಕ್ಕೆ ಬಂತು. ಬೆಸುಗೆ ಇಟ್ಟುಕೊಳ್ಳುತ್ತೇನೆ. ಅಕ್ಕಸಾಲಿಗನ ಬೆಸುಗೆಯ ಆಕ್ಷೇಪಕ್ಕೆ ‘ಹೊಸ ಮೂಳೆಯ ಬೆಸುಗೆ’ ಅಂತ ಬಿಡಿಸಿ ಬರೆದಿದ್ದೇನೆ. ಮೈಸೂರಿನ ಫಲಕ ಆದ್ದರಿಂದ ಮೂಳೆಯೇ ಇರಲಿ. ಧಾರವಾಡಕ್ಕೆ ಪ್ರತಿ ಮಾಡಿದರೆ ಎಲುಬು ಹಾಕಬಹುದು. ಕರಡು ಹೀಗಿದೆ, ದಯವಿಟ್ಟು ಇವತ್ತೇ ನೋಡಿ:

“ಫ್ರಾಕ್ಚರ್ ಅಂದರೂ ಮೂಳೆ ಮುರಿತ ಅಂದರೂ ಒಂದೇ. ಸಣ್ಣ ಬಿರುಕೂ ಮುರಿತವೇ. ಮೊದಲ ದಿನಗಳಲ್ಲಿ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಊತ ಬರುತ್ತದೆ. ಎರಡು ಮೂರು ವಾರದಲ್ಲಿ ಮೆತ್ತನೆಯ ಬೆಸುಗೆ ಎರಡು ತುದಿಗಳನ್ನು ಹಿಡಿದುಕೊಳ್ಳುತ್ತದೆ. ಇದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹೆದರಬೇಡಿ. ಆಮೇಲೆ ಹೊಸ ಮೂಳೆಯ ಗಟ್ಟಿ ಬೆಸುಗೆ ಬರುತ್ತದೆ. ಚರ್ಮದ ಕೆಳಗೆ ಉಬ್ಬು ಕೈಗೆ ಸಿಕ್ಕರೆ ಅದು ಈ ಬೆಸುಗೆ ಇರಬಹುದು. ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಪ್ಲೇಟು ಹಾಕಿದವರಲ್ಲಿ ಬೆಸುಗೆ ಕಾಣದೆಯೂ ಮೂಳೆ ಕೂಡಬಹುದು. ಡಾಕ್ಟರು ಹೇಳುವವರೆಗೆ ಭಾರ ಹಾಕಬೇಡಿ. ಧೂಮಪಾನದಿಂದ ಮೂಳೆ ಕೂಡುವುದು ತಡವಾಗುತ್ತದೆ.”

ಮೂಳೆ ವೈದ್ಯ, ಶಿವಮೊಗ್ಗ:

ಚೆನ್ನಾಗಿದೆ, ಅಚ್ಚಿಗೆ ಕೊಡಿ. ಎರಡು ತಿದ್ದುಪಡಿ. ‘ಭಾರ ಹಾಕಬೇಡಿ’ ಅಂದರೆ ಬೆರಳನ್ನೂ ಅಲ್ಲಾಡಿಸದೆ ಕೂರುತ್ತಾರೆ. ‘ಪ್ಲಾಸ್ಟರಿನ ಹೊರಗಿರುವ ಬೆರಳುಗಳನ್ನು ಆಡಿಸುತ್ತಾ ಇರಿ’ ಅಂತ ಸೇರಿಸಿ. ಇನ್ನೊಂದು, ‘ಧೂಮಪಾನ’ ತೆಗೆದು ‘ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು’ ಅಂತ ಒಂದೊಂದಾಗಿ ಬರೆಯಿರಿ. ಧೂಮಪಾನ ಅಂದರೆ ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅದು ತಮಗಲ್ಲ ಅಂದುಕೊಳ್ಳುತ್ತಾರೆ.