ಸೈನ್ ಫಂಕ್ಷನ್ ವೇಗ ಅಳೆಯೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ಸಿ ಭಾಷೆಯಲ್ಲಿ ಸೈನ್(0.5) ಅನ್ನು ಲೂಪ್‌ನಲ್ಲಿ ಕೋಟಿ ಸಲ ಕರೆದೆ. ಸಮಯ ಸೊನ್ನೆ ಬರುತ್ತಿದೆ! ಆಪ್ಟಿಮೈಸೇಶನ್ (ಕೋಡನ್ನು ತಾನಾಗೇ ಚುರುಕುಗೊಳಿಸುವ ಆಯ್ಕೆ) ತೆಗೆದರೆ ಒಂದೊಂದು ಸಲ ಒಂದೊಂದು ಲೆಕ್ಕ. ಮಳೆಗೆ ಕರೆಂಟ್ ಬೇರೆ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡುತ್ತಿದೆ.

ಉತ್ತರ (ಸಾಗರ): ಫಲಿತಾಂಶವನ್ನು ಎಲ್ಲೂ ಬಳಸಿಲ್ಲ ಅಲ್ವಾ? ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ಬದಲಿಸುವ ಪ್ರೋಗ್ರಾಂ) ಲೂಪನ್ನೇ ಕಿತ್ತು ಹಾಕಿದೆ. ಬೇರೆ ಬೇರೆ ಸಂಖ್ಯೆಗಳನ್ನು ಅರೇಯಲ್ಲಿ ತುಂಬಿ, ಬಂದದ್ದನ್ನೆಲ್ಲ ಕೂಡಿಸಿ ಕೊನೆಗೆ ಪ್ರಿಂಟ್ ಮಾಡಿ. ಆಪ್ಟಿಮೈಸೇಶನ್ ಮಾತ್ರ ತೆಗೀಬೇಡಿ.

ಉತ್ತರ (ಹೊಸನಗರ): ಬ್ಯಾಟರಿಯಲ್ಲಿ ಸಿಪಿಯು ವೇಗ ಇಳಿಯುತ್ತದೆ ಮಾರಾಯ್ರೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕರೆಂಟ್ ಬಂದ ಮೇಲೆ ಅಳೆಯಿರಿ. ಸರಾಸರಿಗಿಂತ ಮಧ್ಯಾಂಕ (ಅಳತೆಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ನಂಬಿ.

ಉತ್ತರ (ಶಿವಮೊಗ್ಗ): ಬರೀ 0.5 ಸಾಲದು. 10ರ 300ನೇ ಘಾತ ಕೊಟ್ಟು ನೋಡಿ. ಅಷ್ಟು ದೊಡ್ಡ ಕೋನವನ್ನು ಸಣ್ಣ ಕೋನಕ್ಕೆ ಇಳಿಸಲು 2/ಪೈ ಬೆಲೆಯ ಅಂಕಿಗಳ ಉದ್ದನೆ ಕೋಷ್ಟಕ ಬೇಕಾಗುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ.