ತಿಗಣೆ ಗುಳಿಗೆಯ ವಿಷಾನಿಲ: ಭಾನುವಾರದ ಸಭೆಗೆ ಮುನ್ನ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಎರಡನೇ ಮಹಡಿಯ ಮನೆಯೊಂದರಲ್ಲಿ ತಿಗಣೆ ಕಾಟಕ್ಕೆಂದು ಗುಳಿಗೆ ಇಟ್ಟು ಬೀಗ ಹಾಕಿಕೊಂಡು ಹೋಗಿದ್ದರಿಂದ, ಪಕ್ಕದ ಮನೆಯವರಿಗೆ ರಾತ್ರಿ ವಾಂತಿ, ಎದೆ ಬಿಗಿತ ಶುರುವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಭೆ ಇದೆ. ಅದಕ್ಕೆ ಮುಂಚೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಎ ಬ್ಲಾಕ್ ನಿವಾಸಿ, ವೈದ್ಯೆ:
ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದರಿಂದ ಹೊರಡುವ ಫಾಸ್ಫೀನ್ ಅನಿಲವು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವುದನ್ನೇ ತಡೆಯುತ್ತದೆ. ಆದ್ದರಿಂದ ಮೊದಲ ಪೆಟ್ಟು ಬೀಳುವುದು ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯುವಿಗೆ. ರಕ್ತದೊತ್ತಡ ಕುಸಿಯುತ್ತದೆ, ಬಡಿತದ ಲಯ ತಪ್ಪುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಗಳಿಗೂ ಹಾನಿಯಾಗುತ್ತದೆ. ಹೊಲಕ್ಕೆ ಹೊಡೆಯುತ್ತಿದ್ದ ಮೊನೊಕ್ರೊಟೊಫಾಸ್‌ನಂಥ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಈ ಗುಳಿಗೆಯ ಅನಿಲಕ್ಕೆ ಪ್ರತಿವಿಷವೇ ಇಲ್ಲ. 2024ರ ನವೆಂಬರ್‌ನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನ ಫ್ಲ್ಯಾಟಿನಲ್ಲಿ ಇಲಿಗೆಂದು ಇಟ್ಟ ವಿಷದಿಂದ ಮಲಗಿದ್ದ ಇಬ್ಬರು ಮಕ್ಕಳು ತೀರಿಕೊಂಡರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಿ ಬ್ಲಾಕ್ ನಿವಾಸಿ:
ನಮ್ಮ ಮನೆಗೂ ಡಕ್ಟ್ ಕಡೆಯಿಂದ ಬೆಳ್ಳುಳ್ಳಿಯಂಥ ವಾಸನೆ ಬಂದಿತ್ತು, ಆದರೆ ಬೇಗ ಹೋಯಿತು. ವಾಸನೆ ಹೋದರೆ ಅಪಾಯ ಕಳೆಯಿತೆಂದು ತಿಳಿಯಬಹುದೇ?

ಎ ಬ್ಲಾಕ್ ನಿವಾಸಿ, ವೈದ್ಯೆ:
ಖಂಡಿತ ತಿಳಿಯಬಾರದು. ಶುದ್ಧ ಫಾಸ್ಫೀನ್‌ಗೆ ವಾಸನೆಯಿಲ್ಲ. ನಮಗೆ ಬರುವುದು ಅದರಲ್ಲಿ ಬೆರೆತ ಕಲ್ಮಶಗಳ ವಾಸನೆ. ಅನಿಲವು ಗೋಡೆಯ ಬಿರುಕು, ಪೈಪಿನ ಸಂದುಗಳಲ್ಲಿ ನುಸುಳುತ್ತದೆ. ಅನುಮಾನ ಬಂದರೆ ಮನೆಯವರೆಲ್ಲ ಕೂಡಲೇ ಹೊರಗೆ ಬನ್ನಿ, ಅಕ್ಕಪಕ್ಕದವರನ್ನೂ ಎಬ್ಬಿಸಿ. ಉಳಿದ ಗುಳಿಗೆಯನ್ನು ಮುಟ್ಟಬೇಡಿ, ಅದಕ್ಕೆ ನೀರಂತೂ ಹಾಕಲೇಬೇಡಿ. ಔಷಧಿಯ ಹೆಸರು ಗೊತ್ತಿದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ, ಏಕೆಂದರೆ ಬರಿಯ ವಾಂತಿಯೆಂದರೆ ಊಟದ ದೋಷವೆಂದು ಭಾವಿಸುವ ಸಾಧ್ಯತೆಯಿದೆ.

ಸಿ ಬ್ಲಾಕ್ ನಿವಾಸಿ, ವಕೀಲರು:
1968ರ ಕೀಟನಾಶಕ ಕಾಯ್ದೆಯಡಿ ಕೀಟ ನಿಯಂತ್ರಣದವರು ಪರವಾನಗಿ ಪಡೆದಿರಬೇಕು. ಈ ಗುಳಿಗೆಯನ್ನಂತೂ ಯಾರೆಂದರೆ ಅವರು ಕೊಂಡು ಬಳಸುವಂತಿಲ್ಲ. ಬಂದವರ ಪರವಾನಗಿಯನ್ನು ನಾವು ಕೇಳದಿದ್ದರೆ ಕೇಳುವವರು ಯಾರು? ವಾಸದ ಕಟ್ಟಡದೊಳಗೆ ಅನಿಲ ಬಿಡುವ ಔಷಧಿಯನ್ನು ಪೂರ್ತಿ ನಿಷೇಧಿಸುವ ನಿರ್ಣಯವನ್ನು ನಾನೇ ಮಂಡಿಸುತ್ತೇನೆ.

ಸಂಘದ ಕಾರ್ಯದರ್ಶಿ:
ನಿರ್ಣಯವನ್ನು ಕಾರ್ಯಸೂಚಿಗೆ ಸೇರಿಸಿದ್ದೇನೆ. ಅದು ಅಂಗೀಕಾರವಾಗುವವರೆಗೆ, ಪರವಾನಗಿಯ ಪ್ರತಿ ಮತ್ತು ಔಷಧಿಯ ಹೆಸರನ್ನು ಗೇಟಿನ ಪುಸ್ತಕದಲ್ಲಿ ಬರೆಸದ ಯಾವ ಕೀಟ ನಿಯಂತ್ರಣದವರನ್ನೂ ಕಾವಲುಗಾರರು ಒಳಗೆ ಬಿಡುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟು ಬೇರೆಡೆ ಇರುವ ಮಾಲೀಕರಿಗೆ ಇಂದೇ ಫೋನ್ ಮಾಡುತ್ತಿದ್ದೇನೆ.