ಹುಲ್ಲು, ಸ್ಟೈಲೋ ಸೇರಿದರೆ ‘ಮಿಶ್ರತಳಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಕಡೆ ಹಸು ಸಾಕುವವರಿಗಾಗಿ ಮೇವಿನ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇವೆ. ಮಳೆ ಕಡಿಮೆ ಇರುವ ಮೇವಿನ ಬಯಲಿಗೆ ಹುಲ್ಲನ್ನೂ ದ್ವಿದಳ ಮೇವನ್ನೂ ಒಂದಕ್ಕೊಂದು ಹೊಂದುವ ಹಾಗೆ ತಳಿ ಮಾಡುವ ವಿಷಯ. ಕರಡಿನಲ್ಲಿ ಇದಕ್ಕೆ ‘ಮಿಶ್ರತಳಿ ಮೇವು’ ಅಂತ ಬಿದ್ದಿದೆ. ನನಗಂತೂ ಒಪ್ಪಿಗೆಯಿಲ್ಲ. ಮಿಶ್ರತಳಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಜರ್ಸಿ, ಎಚ್‌ಎಫ್ ಹಸು. ಹುಲ್ಲಿಗೂ ಸ್ಟೈಲೋ ಅನ್ನುವ ದ್ವಿದಳ ಮೇವಿನ ಗಿಡಕ್ಕೂ ಅಡ್ಡತಳಿ ಮಾಡಿದ್ದಾರೆ ಅಂತಲೇ ಓದಿಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡ, ಅದು ಆಗದ ಮಾತು.

ನಡೆಯುವುದೇ ಬೇರೆ. ಅಂಜನ್ ಅನ್ನುವ ಮೇವಿನ ಹುಲ್ಲನ್ನು ಒಂದನ್ನೇ ಬಿತ್ತಿ ಆರಿಸಿದರೆ ಎತ್ತರಕ್ಕೆ, ದಟ್ಟವಾಗಿ ಬರುವುದೇ ಗೆಲ್ಲುತ್ತದೆ. ಅದನ್ನೇ ತಂದು ಸ್ಟೈಲೋ ಜೊತೆ ಹಾಕಿ ನೋಡಿ, ಕೆಳಗಿನ ಸ್ಟೈಲೋಗೆ ಬಿಸಿಲೇ ಸಿಗದೆ ಸೊರಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಉಳಿಯುವುದು ಬರೀ ಒಣ ಹುಲ್ಲು, ಅದರಲ್ಲಿ ಪ್ರೋಟೀನ್ ಸುಮಾರು ಶೇ 7ಕ್ಕಿಂತ ಕೆಳಗಿಳಿದರೆ ದನ ಹೊಟ್ಟೆ ತುಂಬ ತಿನ್ನುವುದೂ ಇಲ್ಲ. ಸ್ಟೈಲೋ ಬೇಕಾಗಿರುವುದೇ ಆ ಕೊರತೆ ತುಂಬಲು, ಜೊತೆಗೆ ಅದರ ಬೇರಿನ ಗಂಟುಗಳಲ್ಲಿ ಕೂಡುವ ಸಾರಜನಕ ಎಲೆ, ಬೇರು ಕೊಳೆತ ಮೇಲೆ ಹುಲ್ಲಿಗೂ ಸಿಗುತ್ತದೆ. ಹಾಗಾಗಿ ಎರಡನ್ನೂ ಒಂದೇ ಮಡಿಯಲ್ಲಿ ಬೆಳೆಸಿ, ಕೊಯ್ದು, ಬಿಡಿಸಿ, ಬೇರೆ ಬೇರೆ ತೂಗಿ, ಪಕ್ಕದ ಗಿಡವನ್ನು ಮುಗಿಸಿಬಿಡದೆ ತಾನೂ ಚೆನ್ನಾಗಿ ಬರುವ ಬುಡಗಳನ್ನು ಆರಿಸಬೇಕು.

ಇನ್ನೊಂದು ತಮಾಷೆ. ಅಂಜನ್ ಹುಲ್ಲಿನಲ್ಲಿ ಹೆಚ್ಚಿನ ಬೀಜಗಳ ಮೊಳಕೆ ಗಂಡಿನ ಪಾಲಿಲ್ಲದೆಯೇ ಹುಟ್ಟುತ್ತದೆ, ಸಸಿ ತಾಯಿಯ ಪಡಿಯಚ್ಚು. ಹುಲ್ಲು ಹುಲ್ಲಿಗೇ ಅಡ್ಡತಳಿ ಮಾಡುವುದು ಕಷ್ಟ! ಅಂಥದ್ದಕ್ಕೆ ಮಿಶ್ರತಳಿ ಅಂತ ಹೆಸರಿಟ್ಟರೆ ಹೇಗೆ?

‘ಮಿಶ್ರ ಬೆಳೆ’ ಅಂದರೆ ಬಿತ್ತುವ ಕ್ರಮ ಮಾತ್ರ ಆಯಿತು, ಆರಿಸುವ ಕೆಲಸ ಅದರಲ್ಲಿ ಬರುವುದಿಲ್ಲ. ನನಗೆ ಹೊಳೆದದ್ದು ‘ಜೊತೆತಳಿ’. ಸ್ವಲ್ಪ ಹೊಸದಾಗಿ ಕೇಳಿಸುತ್ತದೆ, ಆದರೆ ತಪ್ಪು ಅರ್ಥಕ್ಕೆ ಎಳೆಯುವುದಿಲ್ಲ ಅಲ್ವಾ? ‘ದ್ವಿದಳ’ ಅಂದರೆ ಬೀಜದಲ್ಲಿ ಎರಡು ದಳ ಇರುವ ಗಿಡ, ಆ ಲೆಕ್ಕಕ್ಕೆ ಕಾಫಿ ಗಿಡವೂ ಬರುತ್ತದೆ ಅಂತ ತಕರಾರು ಮಾಡುವವರಿದ್ದಾರೆ, ಅದು ರೂಢಿಯಾಗಿದೆ, ಸುಮ್ನೆ ಬಿಡೋಣ.

ಆ ಮೇವಿನ ಬಯಲಿಗೂ ಒಂದು ಹೆಸರು ಬೇಕು. ಕೊಡಗಿನಲ್ಲಿ ‘ಬಾಣೆ’ ಅನ್ನಬಹುದಿತ್ತು, ಆದರೆ ಅದು ಗದ್ದೆಗೆ ಸೇರಿದಂತೆ ಸೊಪ್ಪು, ಸೌದೆ, ಮೇವಿಗೆ ಅಂತ ಬಿಟ್ಟ ಜಾಗ, ಈಗ ಬಹಳಷ್ಟು ಕಾಫಿ ತೋಟವೇ ಆಗಿದೆ. ‘ಗೋಮಾಳ’ ಅಂದರೆ ಕಂದಾಯದ ವಾಸನೆ ಜಾಸ್ತಿ. ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ‘ಕಾವಲು’ ಇದಕ್ಕೆ ತುಂಬ ಹತ್ತಿರ ಅಂತ ನನ್ನ ಅನಿಸಿಕೆ. ಚಳ್ಳಕೆರೆ, ಕಡೂರು ಕಡೆಯವರು ಹೇಳಿ: ನಿಮ್ಮಲ್ಲಿ ಈಗಲೂ ಮಾತಿನಲ್ಲಿ ಕಾವಲು ಅಂದರೆ ದನ ಮೇಯುವ ಜಾಗವೇನಾ, ಇಲ್ಲ ಕಾವಲುಗಾರನ ಕಾವಲು ಮಾತ್ರವಾ?